ಒಂಬತ್ತನೇ ಕ್ಲಾಸಿಗೆ ಇಂಗ್ಲಿಷ್ ಪ್ಯಾರಾ ಬರೆಸೋದು: ಬೋರ್ಡ್ ಮೇಲಿನದು ಇಳಿಸಿಕೊಳ್ತಾರೆ, ಸ್ವಂತ ಅಂದ್ರೆ ಪೆನ್ನೇ ಏಳಲ್ಲ

ಶಹಾಪುರ ಟೀಚರ್ (ಪ್ರಶ್ನೆ)

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹೈಸ್ಕೂಲು. ಕನ್ನಡ ಮಾಧ್ಯಮ, ಇಂಗ್ಲಿಷ್ ದ್ವಿತೀಯ ಭಾಷೆ. ಒಂಬತ್ತನೇ ತರಗತಿ ಒಂದೇ ಸೆಕ್ಷನ್, 54 ಮಕ್ಕಳು, ಪಿರಿಯಡ್ 40 ನಿಮಿಷದ್ದು.

2007-08ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿದೆ, ಅಂದ್ರೆ ಈ ಮಕ್ಕಳು ಎಂಟು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದವರೇ. ಪ್ರಶ್ನೋತ್ತರ ಬೋರ್ಡ್ ಮೇಲೆ ಬರೆದ್ರೆ ಒಂದಕ್ಷರ ತಪ್ಪದೆ ಇಳಿಸಿಕೊಳ್ತಾರೆ. ಪ್ರಬಂಧ ಗೈಡಿನಿಂದ ಬಾಯಿಪಾಠ ಮಾಡ್ತಾರೆ, ವಿಷಯ ಸ್ವಲ್ಪ ಬದಲಾದ್ರೂ ಅದೇ ಪ್ರಬಂಧ ಬರೀತಾರೆ. ‘ನಿಮ್ಮೂರಿನ ಬಗ್ಗೆ ಐದು ಸಾಲು ಸ್ವಂತ ಬರೀರಿ’ ಅಂದ್ರೆ ಅರ್ಧ ಕ್ಲಾಸು ಸುಮ್ಮನೆ ಕೂರುತ್ತೆ. ಬರೆದವರದ್ದು ಹೆಚ್ಚುಕಡಿಮೆ ಹೀಗಿರುತ್ತೆ:

‘ಮೈ ವಿಲೇಜ್ ಇನ್ ಒನ್ ಟೆಂಪಲ್ ಈಸ್. ಎವ್ರಿ ಇಯರ್ ಎಳ್ಳಮಾಸಿ ಈಸ್ ಕಮಿಂಗ್. ಐ ಆಮ್ ಗೋ ಟು ಫೀಲ್ಡ್. ಭಜ್ಜಿ ರೊಟ್ಟಿ ಈಟಿಂಗ್. ವೆರಿ ಹ್ಯಾಪಿ.’

ಎಳ್ಳಮಾಸಿ ಅಂದ್ರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆ ಹೊಲಕ್ಕೆ ಹೋಗಿ ಉಣ್ಣೋ ಹಬ್ಬ. ಫುಲ್‌ಸ್ಟಾಪ್ ಎಲ್ಲ ನಾನು ಹಾಕಿದ್ದು. ಮೂಲದಲ್ಲಿ ಒಂದೂ ಇಲ್ಲ, ದೊಡ್ಡಕ್ಷರವೂ ಇಲ್ಲ.

ಕೇಳಬೇಕಾದ್ದು ಎರಡು. ಎಲ್ಲಿಂದ ಶುರು ಮಾಡಬೇಕು? ವ್ಯಾಕರಣ ಮುಗಿಸಿ ಆಮೇಲೆ ಬರವಣಿಗೆಯಾ, ಅಥವಾ ಬರೆಸ್ತಾ ಬರೆಸ್ತಾನಾ? ಇನ್ನೊಂದು, 54 ನೋಟ್‌ಬುಕ್ ತಿದ್ದೋದು ಹೇಗೆ? ಕೆಂಪು ಪೆನ್ನಿನಲ್ಲಿ ಪುಟ ತುಂಬಿಸಿ ಕೊಟ್ಟರೂ ಮುಂದಿನ ವಾರ ಅದೇ ತಪ್ಪು ಬರುತ್ತೆ.

ಆಳಂದ ಮಾಸ್ತರ

ಮೇಡಂ, ನೀವು ಕೊಟ್ಟ ಐದು ಸಾಲಿನಾಗ ಎಲ್ಲಾ ಅದ. ಮೊದಲ ಅದನ್ನ ಬಿಡಿಸಿ ನೋಡ್ರಿ, ಎಲ್ಲಿಂದ ಶುರು ಮಾಡಬೇಕಂತ ಅದೇ ಹೇಳ್ತದ.

‘ಮೈ ವಿಲೇಜ್ ಇನ್’ ಅನ್ನೋದು ‘ಊರಾಗ’ ಅನ್ನೋದರ ಅಚ್ಚು. ನಮ್ಮ ಪ್ರತ್ಯಯ ಹಿಂದ ಬರ್ತದ, ಅವರದು ಮುಂದ. ‘ಟೆಂಪಲ್ ಈಸ್’, ಕ್ರಿಯಾಪದ ಕೊನಿಗಿ ಹೋಗ್ಯದ. ‘ಭಜ್ಜಿ ರೊಟ್ಟಿ ಈಟಿಂಗ್’, ಯಾರು ತಿಂದ್ರು ಅಂತ ಇಲ್ಲ. ಕನ್ನಡದಾಗ ‘ತಿಂದ್ವಿ’ ಅಂದ್ರ ಸಾಕು, ಯಾರು ಅನ್ನೋದು ಕ್ರಿಯಾಪದದ ಬಾಲದಾಗ ಇರ್ತದ. ಇಂಗ್ಲಿಷ್‌ನಾಗ ಬಾಲ ಇಲ್ಲ, ಹಂಗಾಗಿ ತಲಿ ಬೇಕೇ ಬೇಕು. ಈ ಮೂರೂ ಕನ್ನಡದಿಂದ ಬಂದ ತಪ್ಪು.

‘ಐ ಆಮ್ ಗೋ’ ಮಾತ್ರ ಕನ್ನಡದ್ದಲ್ಲ, ನಮ್ಮ ಪಾಠದ್ದು. ಒಂದನೇ ಕ್ಲಾಸಿನಿಂದ ‘ಐ ಆಮ್ ಬಸವರಾಜ, ಐ ಆಮ್ ಸ್ಟಡಿಯಿಂಗ್’ ಅಂತ ಹೇಳಿಸಿ ಹೇಳಿಸಿ ‘ಐಆಮ್’ ಅನ್ನೋದು ಒಂದೇ ಪದ ಅಂತ ಮಕ್ಕಳ ತಲ್ಯಾಗ ಕುಂತದ. ‘ನಾನು’ ಅಂದ್ರ ‘ಐಆಮ್’. ಆಮ್ಯಾಲ ಅದಕ್ಕ ‘ಗೋ’ ಅಂಟಿಸ್ತಾರ.

ವ್ಯಾಕರಣ ಮುಗಿಸಿ ಬರವಣಿಗಿ ಅಂತ ಕುಂತ್ರ ಎರಡೂ ಮುಗ್ಯಂಗಿಲ್ಲ. ಒಂದು ವಿಷಯ, ಒಂದು ಕಾಲ, ಹನ್ನೆರಡು ಪದ, ಆರು ವಾಕ್ಯ. ಒಂದು ವಾರಕ್ಕ ಇಷ್ಟೇ.

ಕಾಲ ಯಾವುದು? ಭೂತಕಾಲದಿಂದ ಶುರು ಮಾಡ್ರಿ. ಪುಸ್ತಕದಾಗ ವರ್ತಮಾನ ಮೊದಲ ಬರ್ತದ, ಆದ್ರ ವರ್ತಮಾನದಾಗ ‘ಹೀ ಗೋಸ್, ದೇ ಗೋ’ ಅಂತ ಎಸ್ ಅಕ್ಷರದ ಕಾಟ ಅದ. ಭೂತಕಾಲದಾಗ ಐ, ವಿ, ಹೀ, ಶೀ, ದೇ, ಎಲ್ಲಾರಿಗೂ ‘ವೆಂಟ್’ ಒಂದೇ. ‘ವಾಸ್–ವರ್’ ಬಿಟ್ರ ಯಾವುದೂ ಬದಲಾಗಂಗಿಲ್ಲ. ಮತ್ತ ‘ಐ ವೆಂಟ್’ ಅಂದಾಗ ನಡುವ ‘ಆಮ್’ಗೆ ಜಾಗ ಇರಂಗಿಲ್ಲ, ಹಂಗಾಗಿ ಆ ರೋಗನೂ ಅರ್ಧ ಹೋಗ್ತದ. ಮೊದಲ ಎರಡು ತಿಂಗಳು ಬರೇ ಭೂತಕಾಲದಾಗ ಬರೆಸ್ರಿ.

ವಿಷಯ ಎಲ್ಲಾ ಮಕ್ಕಳಿಗೂ ಗೊತ್ತಿದ್ದದ್ದೇ ಇರಲಿ. ಎಳ್ಳಮಾಸಿ ಭಾಳ ಚಲೋ: ಬೆಳಿಗ್ಗೆ ಎದ್ದದ್ದು, ಬುತ್ತಿ ಕಟ್ಟಿದ್ದು, ಹೊಲಕ್ಕ ಹೋಗಿದ್ದು, ಚರಗ ಚೆಲ್ಲಿದ್ದು (ಭೂತಾಯಿಗಿ ಅಂತ ಹೊಲದಾಗ ಅಡಗಿ ಎರಚೋದು), ಕುಂತು ಉಂಡದ್ದು, ಸಂಜಿಗಿ ತಿರುಗಿ ಬಂದದ್ದು. ಕ್ರಮ ತಾನೇ ಅದ, ಮಕ್ಕಳು ‘ಏನು ಬರೀಲಿ’ ಅಂತ ಕೇಳಂಗಿಲ್ಲ. ‘ವಾಯುಮಾಲಿನ್ಯ’ ಕೊಟ್ರ ವಿಷಯನೂ ಇಲ್ಲ, ಭಾಷೆನೂ ಇಲ್ಲ, ಗೈಡೇ ಗತಿ.

ಬೋರ್ಡ್ ಮ್ಯಾಲ ಅಡ್ಡಕ್ಕ ಐದು ಮನಿ ಹಾಕ್ರಿ: ಯಾರು, ಏನು ಮಾಡಿದ್ರು, ಏನನ್ನ, ಎಲ್ಲಿ, ಯಾವಾಗ. ಕನ್ನಡದಾಗೇ ಬರೀರಿ ಈ ಹೆಸರು. ‘ವಿ, ಏಟ್, ಭಜ್ಜಿ ಅಂಡ್ ರೊಟ್ಟಿ, ಇನ್ ದ ಫೀಲ್ಡ್, ಅಟ್ ನೂನ್.’ ಒಂದನೇ ಮನಿ, ಎರಡನೇ ಮನಿ ಖಾಲಿ ಬಿಡಂಗಿಲ್ಲ. ಉಳಿದ ಮೂರು ಖಾಲಿ ಇದ್ರೂ ನಡೀತದ. ಈ ಒಂದು ಕಟ್ಟಳಿಯಿಂದ ‘ಭಜ್ಜಿ ರೊಟ್ಟಿ ಈಟಿಂಗ್’ ಅನ್ನೋದು ನಿಲ್ತದ, ಯಾಕಂದ್ರ ಮೊದಲನೇ ಮನಿ ಖಾಲಿ ಬಿದ್ದದ್ದು ಮಕ್ಕಳಿಗೇ ಕಾಣ್ತದ. ನಾಲ್ಕನೇ ಮನಿಯಾಗ ‘ಇನ್, ಅಟ್, ಆನ್’ ಮುಂದ ಬಂತು ಅಂತ ಬಣ್ಣದ ಸೀಮೆಸುಣ್ಣದಿಂದ ಗೆರಿ ಎಳೀರಿ.

ಮೊದಲನೇ ದಿನದ 40 ನಿಮಿಷ ಹಿಂಗ ಹಂಚ್ರಿ. 6 ನಿಮಿಷ ಕನ್ನಡದಾಗ ಮಾತು: ಎಳ್ಳಮಾಸಿ ದಿನ ಏನೇನು ಮಾಡಿದ್ರಿ? 8 ನಿಮಿಷ ಪದ: ಹನ್ನೆರಡೇ, ಆರು ಕ್ರಿಯಾಪದ, ನಾಲ್ಕು ನಾಮಪದ, ‘ದೆನ್’ ಮತ್ತ ‘ಆಫ್ಟರ್ ದ್ಯಾಟ್’. 14 ನಿಮಿಷ ಬಾಯಿಲೆ: ಐದು ಮನಿ ಬೆರಳಿಟ್ಟು ತೋರಿಸ್ಕೋತ ಒಬ್ಬೊಬ್ಬರ ಕಡಿಂದ ವಾಕ್ಯ ಹೇಳಿಸ್ರಿ, ಒಂದೇ ವಾಕ್ಯ ಹತ್ತು ಮಂದಿ ಹೇಳಿದ್ರೂ ಪರವಾಗಿಲ್ಲ. ಉಳಿದ 12 ನಿಮಿಷದಾಗ ಮೂರೇ ವಾಕ್ಯ ಬರೆಸ್ರಿ. ಬಾಯಿಲೆ ಬರದ ವಾಕ್ಯ ಕೈಲೆ ಬರಂಗಿಲ್ಲ. 14 ನಿಮಿಷ ಉಳಿಸ್ಲಿಕ್ಕಿ ಹೋಗಿ ನೇರ ಬರೀರಿ ಅಂದ್ರ, ಮತ್ತ ನೀವು ಹೇಳಿದ ಸುಮ್ಮನ ಕೂಡೋ ಕ್ಲಾಸು.

ಎರಡನೇ ದಿನ ಅಳಿಸೋ ಆಟ. ಆರು ವಾಕ್ಯದ ಪೂರ್ತಿ ಪ್ಯಾರಾ ಬೋರ್ಡ್ ಮ್ಯಾಲ. ಎಲ್ಲಾರೂ ಓದ್ತಾರ. ಪ್ರತಿ ವಾಕ್ಯದಿಂದ ಒಂದು ಪದ ಅಳಿಸಿ ಮತ್ತ ಓದಿಸ್ರಿ. ಇನ್ನೊಂದು ಅಳಿಸ್ರಿ. ಮೊದಲ ‘ಏನನ್ನ’ ಮನಿ ಅಳಿಸ್ರಿ, ಆಮ್ಯಾಲ ‘ಎಲ್ಲಿ’, ಕೊನಿಗಿ ಕ್ರಿಯಾಪದ. ಬರೇ ಮೊದಲನೇ ಪದ ಉಳಿದಾಗ ಬರೀರಿ ಅನ್ರಿ. ಕ್ರಿಯಾಪದ ಮೊದಲೇ ಅಳಿಸಿದ್ರ ಆಟ ಕೆಡ್ತದ, ಹುಡುಗ್ರು ಕೈಬಿಡ್ತಾರ.

ಮೂರನೇ ದಿನ ಪೂರಾ ಅಳಿಸಿದ ಬೋರ್ಡ್, ಹನ್ನೆರಡು ಪದ ಮಾತ್ರ. ಈಗ ತಮ್ಮ ತಮ್ಮ ಮನಿ ಎಳ್ಳಮಾಸಿ ಬರೀಬೇಕು, ಕಡಿಮಿ ಅಂದ್ರ ಮೂರು ಸಂಗತಿ ಬೋರ್ಡಿನ ಪ್ಯಾರಾಕ್ಕಿಂತ ಬ್ಯಾರೆ ಇರಬೇಕು. ಈ ‘ಮೂರು ಸಂಗತಿ ಬ್ಯಾರೆ’ ಅನ್ನೋದು ಬಿಟ್ರ ಬಾಯಿಪಾಠನೇ ಮತ್ತ ನೋಟಬುಕ್ಕಿನಾಗ ಬರ್ತದ. ಪದ ಬೇಕಾದವರು ಕನ್ನಡ ಪದ ಬರೆದು ಕೆಳಗ ಗೆರಿ ಹಾಕಲಿ, ನೀವು ಅಡ್ಡಾಡಿಕೋತ ಇಂಗ್ಲಿಷ್ ಹೇಳ್ರಿ. ಚರಗಕ್ಕ ಇಂಗ್ಲಿಷ್ ಹುಡುಕ್ಲಿಕ್ಕಿ ಹೋಗಬ್ಯಾಡ್ರಿ, ಚರಗ ಅಂತೇ ಬರೀಲಿ.

ಒಂದು ಎಚ್ಚರಿಕಿ. ಮನಿಗಳಾಗ ಪದ ಜಾಸ್ತಿ ತುಂಬಿದ್ರ ಮಕ್ಕಳು ಅರ್ಥ ನೋಡಂಗಿಲ್ಲ, ಮನಿಯಿಂದ ಮನಿಗಿ ಹಾರ್ತಾರ. ‘ದ ಟೆಂಪಲ್ ಏಟ್ ರೊಟ್ಟಿ’ ಅಂತ ಬರ್ತದ. ಒಂದು ಮನಿಯಾಗ ನಾಲ್ಕು ಪದಕ್ಕಿಂತ ಹೆಚ್ಚು ಬ್ಯಾಡ.

ಬೀದರ್ ಕೋಟೆ

ಮಾಸ್ತರರು ಮೊದಲನೆಯದಕ್ಕೆ ಹೇಳಿದ್ದಾರೆ. ನಾನು ತಿದ್ದುವ ವಿಚಾರಕ್ಕೆ ಬರುತ್ತೇನೆ.

ಲೆಕ್ಕ ಮೊದಲು. ಒಂದು ನೋಟ್‌ಬುಕ್ಕಿಗೆ 3 ನಿಮಿಷ ಅಂದರೂ 54ಕ್ಕೆ 162 ನಿಮಿಷ, ಅಂದರೆ ನಾಲ್ಕು ಪಿರಿಯಡ್. ವಾರಕ್ಕೊಮ್ಮೆ ಎಲ್ಲವನ್ನೂ ಪೂರ್ತಿ ತಿದ್ದುತ್ತೇನೆ ಅನ್ನುವುದು ನಡೆಯದ ಮಾತು. ನಡೆದರೂ ಉಪಯೋಗ ಕಡಿಮೆ: ಒಂದು ಪುಟದಲ್ಲಿ ಇಪ್ಪತ್ತು ಕೆಂಪು ಗುರುತು ಕಂಡ ಹುಡುಗನಿಗೆ ಯಾವುದು ಮುಖ್ಯ ಅಂತ ಗೊತ್ತಾಗುವುದಿಲ್ಲ. ಅವನು ನೋಡುವುದು ಕೊನೆಯ ಸಹಿ ಮತ್ತು ಅಂಕ.

ಈ ಜಗಳ ಬರೀ ನಮ್ಮ ಸ್ಟಾಫ್ ರೂಮಿನದ್ದಲ್ಲ. ಎರಡನೇ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದು ನಿಷ್ಪ್ರಯೋಜಕ, ಹಾನಿಕರ ಕೂಡ, ಅದನ್ನು ಕೈಬಿಡಬೇಕು ಅಂತ ಭಾಷಾ ಸಂಶೋಧಕ ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದರು. ಡಾನಾ ಫೆರಿಸ್ 1999ರಲ್ಲಿ ಅದಕ್ಕೆ ಎದುರು ಬರೆದರು: ಆರಿಸಿ, ಸ್ಪಷ್ಟವಾಗಿ ತಿದ್ದಿದರೆ ಪ್ರಯೋಜನ ಉಂಟು ಅಂತ. ತಿದ್ದುವುದನ್ನೇ ಬಿಟ್ಟರೆ ನಮ್ಮ ಪಾಲಕರೂ ಒಪ್ಪುವುದಿಲ್ಲ, ಇನ್‌ಸ್ಪೆಕ್ಷನ್‌ಗೆ ಬಂದವರೂ ಒಪ್ಪುವುದಿಲ್ಲ. ಆದರೆ ಆರಿಸಿ ತಿದ್ದುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ವಾರಕ್ಕೆ ಒಂದೇ ಬಗೆಯ ತಪ್ಪು ಆರಿಸಿ, ಸೋಮವಾರವೇ ಬೋರ್ಡ್ ಮೂಲೆಯಲ್ಲಿ ಬರೆದುಬಿಡಿ: ‘ಈ ವಾರ ಕ್ರಿಯಾಪದದ ಜಾಗ.’ ಆ ವಾರ ಅದನ್ನು ಮಾತ್ರ ಗುರುತು ಮಾಡಿ, ಕಾಗುಣಿತ ಎಷ್ಟೇ ಕೆಟ್ಟಿದ್ದರೂ ಕೈ ಹಾಕಬೇಡಿ. ಕೈ ತಡೆಯುವುದು ಕಷ್ಟ, ಮೇಷ್ಟ್ರ ಕೈ ತಾನಾಗಿ ಹೋಗುತ್ತದೆ. ನಿಮ್ಮ ಮಕ್ಕಳ ಮಾದರಿ ನೋಡಿದರೆ ಮೊದಲು ಕರ್ತೃ ಬಿಟ್ಟುಹೋಗುವುದು, ಆಮೇಲೆ ಕ್ರಿಯಾಪದದ ಜಾಗ, ಮೂರನೆಯದು ಫುಲ್‌ಸ್ಟಾಪ್ ಮತ್ತು ದೊಡ್ಡಕ್ಷರ, ಆಮೇಲೆ ಕಾಲ. ‘ಎ, ಆನ್, ದ’ ಕೊನೆಗೆ ಇಡಿ. ಕನ್ನಡದಲ್ಲಿ ಆರ್ಟಿಕಲ್ ಇಲ್ಲದ್ದರಿಂದ ಅದು ಕಲಿಯಲು ವರ್ಷಗಳು ಹಿಡಿಯುತ್ತವೆ, ತಪ್ಪಾದರೂ ಓದುವವನಿಗೆ ಅರ್ಥ ಕೆಡುವುದಿಲ್ಲ.

ತಪ್ಪನ್ನು ನೀವು ಸರಿಪಡಿಸಿ ಬರೆಯಬೇಡಿ, ಗುರುತು ಮಾತ್ರ ಹಾಕಿ. ಗುರುತುಗಳು ಕನ್ನಡ ಅಕ್ಷರಗಳೇ ಇದ್ದರೆ ಮಕ್ಕಳಿಗೆ ಸುಲಭ. ಪದ ಬಿಟ್ಟಿದ್ದರೆ ‘ಬಿ’, ಕ್ರಮ ತಪ್ಪಿದ್ದರೆ ‘ಕ್ರ’, ಕಾಲ ತಪ್ಪಿದ್ದರೆ ‘ಕಾ’, ದೊಡ್ಡಕ್ಷರ ಬೇಕಿದ್ದರೆ ‘ದೊ’, ಕಾಗುಣಿತಕ್ಕೆ ‘ಗು’. ಐದಕ್ಕಿಂತ ಹೆಚ್ಚು ಬೇಡ. ಮೊದಲ ತಿಂಗಳು ತಪ್ಪಾದ ಪದದ ಮೇಲೇ ಗುರುತು ಹಾಕಿ. ಎರಡನೇ ತಿಂಗಳು ಸಾಲಿನ ಅಂಚಿನಲ್ಲಿ ಮಾತ್ರ, ಆ ಸಾಲಿನಲ್ಲಿ ಎಲ್ಲಿದೆ ಅಂತ ಹುಡುಗನೇ ಹುಡುಕಲಿ.

ನೋಟ್‌ಬುಕ್ಕಿನ ಎಡಪುಟ ಕಚ್ಚಾ, ಬಲಪುಟ ಫೇರ್. ಎಡಪುಟಕ್ಕೆ ಅಂಕ ಇಲ್ಲವೇ ಇಲ್ಲ. ಗುರುತು ಹಾಕಿ ಕೊಟ್ಟ ಮರುದಿನ ಪಿರಿಯಡ್‌ನ ಮೊದಲ 10 ನಿಮಿಷ ಬಲಪುಟದಲ್ಲಿ ತಿದ್ದಿ ಬರೆಯಲು ಕೊಡಿ, ಅದಕ್ಕೆ ಮಾತ್ರ ಅಂಕ. ಈ 10 ನಿಮಿಷ ಕೊಡದಿದ್ದರೆ ನೀವು ತಿದ್ದಿದ್ದೆಲ್ಲ ದಂಡ. ನಿಮ್ಮಲ್ಲಿ ಮುಂದಿನ ವಾರವೂ ಅದೇ ತಪ್ಪು ಬರುವುದಕ್ಕೆ ಮುಖ್ಯ ಕಾರಣ ಬಹುಶಃ ಇದೇ: ತಿದ್ದಿದ್ದನ್ನು ಮಕ್ಕಳು ಮತ್ತೆ ಬರೆಯುವುದಿಲ್ಲ, ಮುಂದಿನ ಪುಟಕ್ಕೆ ಹೋಗುತ್ತಾರೆ.

ದಿನಕ್ಕೆ 11 ನೋಟ್‌ಬುಕ್ ಸಾಕು, ಐದು ದಿನಕ್ಕೆ 54 ಆಗುತ್ತದೆ. ಒಂದೇ ಬಗೆಯ ತಪ್ಪು ನೋಡುವುದಾದರೆ ಒಂದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಬರೆಯುವ ಹೊತ್ತಿನಲ್ಲಿ ಬೆಂಚುಗಳ ನಡುವೆ ಓಡಾಡುತ್ತಾ ಅರ್ಧ ಮುಗಿಸಬಹುದು.

ಜೋಡಿ ತಿದ್ದುಪಡಿ ಅಂತ ತರಬೇತಿಯಲ್ಲಿ ಹೇಳುತ್ತಾರೆ. ‘ಗೆಳೆಯನದ್ದು ತಿದ್ದು’ ಅಂದರೆ ಇಬ್ಬರಿಗೂ ಗೊತ್ತಿಲ್ಲದ್ದನ್ನು ಇಬ್ಬರೂ ತಿದ್ದುತ್ತಾರೆ, ಸರಿ ಇದ್ದದ್ದೂ ತಪ್ಪಾಗುತ್ತದೆ. ಕಣ್ಣಿಗೆ ಕಾಣುವ ಕೆಲಸ ಕೊಡಿ: ಪ್ರತಿ ವಾಕ್ಯದ ಮೊದಲ ಅಕ್ಷರಕ್ಕೆ ಸುತ್ತು ಹಾಕು, ಫುಲ್‌ಸ್ಟಾಪ್ ಎಣಿಸು, ‘ಯಾರು’ ಇಲ್ಲದ ವಾಕ್ಯಕ್ಕೆ ಚುಕ್ಕಿ ಇಡು. ಇದಕ್ಕೆ ಇಂಗ್ಲಿಷ್ ಬೇಕಾಗಿಲ್ಲ, ಕಣ್ಣು ಸಾಕು.

ಸೇಡಂ ಇಂಗ್ಲಿಷ್

ಇಬ್ಬರೂ ಹೇಳಿದ್ದು ಸರಿ. ಆದರೆ ಮುಂದಿನ ವರ್ಷ ಈ ಮಕ್ಕಳು 80 ಅಂಕದ ಪೇಪರ್ ಬರೆಯಬೇಕು. ಪತ್ರ, ಪ್ರಬಂಧ, ಚಿತ್ರ ನೋಡಿ ಬರೆಯೋದು, ಸುಳಿವಿನಿಂದ ಕಥೆ, ವ್ಯಕ್ತಿ ಪರಿಚಯ, ಇವೆಲ್ಲ ಅದರಲ್ಲಿ ಬರುತ್ತವೆ. ಬಾಯಿಪಾಠ ಪೂರ್ತಿ ಬೇಡ ಅನ್ನೋರ ಜೊತೆ ನಾನಿಲ್ಲ. ಯಾವುದನ್ನ ಬಾಯಿಪಾಠ ಮಾಡಿಸಬೇಕು ಅನ್ನೋದೇ ಪ್ರಶ್ನೆ.

ಪತ್ರದ ಅಸ್ಥಿಪಂಜರ ಬಾಯಿಪಾಠ ಆಗಲೇಬೇಕು: ಫ್ರಮ್, ಟು, ತಾರೀಖು, ‘ಸರ್’, ಸಬ್ಜೆಕ್ಟ್, ಕೊನೆಗೆ ‘ಥ್ಯಾಂಕಿಂಗ್ ಯು’, ‘ಯುವರ್ಸ್ ಫೇತ್‌ಫುಲಿ’. ಅಪ್ಪನಿಗೆ ಬರೆಯೋದಾದ್ರೆ ‘ಡಿಯರ್ ಫಾದರ್’, ‘ಯುವರ್ಸ್ ಲವಿಂಗ್ಲಿ’. ಈ ಎರಡನ್ನ ಕಲಸೋದು ಸಾಮಾನ್ಯ. ಹೆಡ್‌ಮಾಸ್ಟರಿಗೆ ‘ಯುವರ್ಸ್ ಲವಿಂಗ್ಲಿ’ ಬರೀತಾರೆ. ಯುವರ್ಸ್‌ನಲ್ಲಿ ಎಸ್ ಹಿಂದೆ ಅಪಾಸ್ಟ್ರಫಿ ಹಾಕೋದು ಇನ್ನೊಂದು, ಅದು ಶಿಕ್ಷಕರ ಅರ್ಜಿಯಲ್ಲೂ ಇರುತ್ತೆ ಬಿಡಿ.

ನಡುವಿನ ಮಾಂಸ ಮಾತ್ರ ಬಾಯಿಪಾಠ ಬೇಡ. ಮೂರು ಕೆಲಸ, ಮೂರರಿಂದ ಐದು ವಾಕ್ಯ: ನಾನು ಯಾರು, ತೊಂದರೆ ಏನು (ಎಷ್ಟು ದಿನದಿಂದ, ಯಾರಿಗೆ), ನೀವು ಏನು ಮಾಡಬೇಕು. ಬಸ್ ನಿಲ್ಲಲ್ಲ ಅಂತ ಡಿಪೋ ಮ್ಯಾನೇಜರಿಗೆ, ಚರಂಡಿ ಬಗ್ಗೆ ಪಿಡಿಒಗೆ, ಟಿ.ಸಿ. ಬೇಕು ಅಂತ ಹೆಡ್‌ಮಾಸ್ಟರಿಗೆ. ಮೂರೂ ಒಂದೇ ಅಸ್ಥಿಪಂಜರ, ನಡುವಿನ ಮೂರು ಕೆಲಸ ಬೇರೆ. ಒಂದೇ ದಿನ ಮೂರೂ ಬರೆಸಿದ್ರೆ ಮಕ್ಕಳಿಗೆ ಯಾವುದು ಬದಲಾಗುತ್ತೆ, ಯಾವುದು ಬದಲಾಗಲ್ಲ ಅಂತ ತಾನೇ ಹೊಳೆಯುತ್ತೆ. ಒಂದೇ ಪತ್ರ ಹತ್ತು ಸಲ ಬರೆಸಿದ್ರೆ ಹೊಳೆಯಲ್ಲ.

ಇನ್ನೊಂದು: ಪೇಪರಿನಲ್ಲಿ ಕೊಟ್ಟ ಸುಳಿವುಗಳನ್ನೇ ವಾಕ್ಯ ಮಾಡೋದು ಕಲಿಸಿ. ವ್ಯಕ್ತಿ ಪರಿಚಯದಲ್ಲಿ ‘ಬಾರ್ನ್ – 1920, ಆಕ್ಯುಪೇಶನ್ – ಟೀಚರ್’ ಅಂತ ಇರುತ್ತೆ. ‘ಹೀ ವಾಸ್ ಬಾರ್ನ್ ಇನ್ 1920. ಹೀ ವಾಸ್ ಎ ಟೀಚರ್.’ ಮೇಲಿನ ಐದು ಮನೆಯ ಲೆಕ್ಕವೇ, ‘ಯಾರು’ ಮತ್ತು ‘ವಾಸ್’ ಸೇರಿಸಬೇಕು ಅಷ್ಟೇ. ಹಿಂದುಳಿದ ಮಕ್ಕಳಿಗೂ ಅಂಕ ಸಿಗೋ ಜಾಗ ಇದು.

ಶಹಾಪುರ ಟೀಚರ್

ಎಲ್ಲರಿಗೂ ಧನ್ಯವಾದ. ಭೂತಕಾಲದಿಂದ ಶುರು ಮಾಡೋ ವಿಚಾರ ತಲೆಗೇ ಬಂದಿರಲಿಲ್ಲ.

ಇನ್ನೂ ಎರಡು ಉಳಿದವು. 54ರಲ್ಲಿ 11 ಮಕ್ಕಳಿಗೆ ಅಕ್ಷರವೇ ಗಟ್ಟಿ ಇಲ್ಲ, ಬಿ-ಡಿ ಅದಲುಬದಲು, ಸಣ್ಣಕ್ಷರ ದೊಡ್ಡಕ್ಷರ ಕಲಸುಮೇಲೋಗರ. ಅವರನ್ನ ಈ ಆರು ವಾಕ್ಯದ ಕೆಲಸಕ್ಕೆ ಕೂರಿಸೋದು ಹೇಗೆ? ಅದರಲ್ಲಿ ಮೂವರು ತಾಂಡಾದಿಂದ ಬರ್ತಾರೆ, ಮನೆಯಲ್ಲಿ ಲಂಬಾಣಿ. ಕನ್ನಡದಲ್ಲಿ ಮಾತಾಡಿ ಶುರು ಮಾಡಿ ಅಂದಿದ್ದೀರಿ, ಅವರಿಗೆ ಕನ್ನಡವೂ ಎರಡನೇ ಭಾಷೆಯೇ.

ಇನ್ನೊಂದು, ಮನೆಗೆಲಸ ಕೊಟ್ಟರೆ ಕೆಲವರು ಫೋನಿನಲ್ಲಿ ಕನ್ನಡ ಹೇಳಿ ಇಂಗ್ಲಿಷ್ ತೆಗೆದು ಬರ್ಕೊಂಡು ಬರ್ತಾರೆ. ಬಿಡಬೇಕಾ, ಬೈಬೇಕಾ?

ಹುಮನಾಬಾದ್ ಅಕ್ಕ

11 ಮಕ್ಕಳಿಗೆ ಪ್ಯಾರಾ ಕೊಡಬೇಡಿ ಮೇಡಂ. ಆದರೆ ಬೇರೆ ಮೂಲೆಯಲ್ಲೂ ಕೂರಿಸಬೇಡಿ, ನಾಚಿಕೆ ಪಡ್ತಾರೆ, ಶಾಲೆ ಬಿಡೋಕೆ ಅದೂ ಒಂದು ಕಾರಣ ಆಗುತ್ತೆ. ವಿಷಯ ಅದೇ ಇರಲಿ, ಕೆಲಸ ಬೇರೆ. ಉಳಿದವರು ಎಳ್ಳಮಾಸಿ ಪ್ಯಾರಾ ಬರೆಯೋವಾಗ ಇವರು ಹೊಲದ ಚಿತ್ರ ಬರೆದು ಅದಕ್ಕೆ ಹೆಸರು ಬರೀಲಿ: ಫೀಲ್ಡ್, ಬುಲ್, ಕಾರ್ಟ್, ಟ್ರೀ, ಪಾಟ್. ಐದು ಹೆಸರು. ಎರಡನೇ ವಾರ ಅದೇ ಚಿತ್ರದ ಕೆಳಗೆ ‘ದಿಸ್ ಈಸ್ ಎ ಕಾರ್ಟ್’. ಮೂರನೇ ವಾರ ‘ವಿ ವೆಂಟ್ ಇನ್ ಎ ಕಾರ್ಟ್’. ಬಾಯಿಲೆ ಹೇಳೋ 14 ನಿಮಿಷದಲ್ಲಿ ಮಾತ್ರ ಅವರೂ ಎಲ್ಲರ ಜೊತೆ ಇರಬೇಕು. ಎಷ್ಟೋ ಸಲ ಅಕ್ಷರ ಬರದ ಮಕ್ಕಳು ಬಾಯಿಲೆ ಉಳಿದವರಿಗಿಂತ ಚುರುಕು.

ಅಕ್ಷರಕ್ಕೆ ದಿನಾ 10 ನಿಮಿಷ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅಥವಾ ಊಟದ ಬಿಡುವಿನ ಕೊನೆಗೆ. ಎಬಿಸಿಡಿ ಸಾಲಾಗಿ ಮತ್ತೆ ಮತ್ತೆ ಬರೆಸೋದ್ರಿಂದ ಏನೂ ಆಗಲ್ಲ, ಸಾಲು ಬರುತ್ತೆ, ಪದ ಬರಲ್ಲ. ಒಂದೇ ಬಾಲದ ಪದ ಕೊಡಿ: ಕ್ಯಾಟ್, ಬ್ಯಾಟ್, ಹ್ಯಾಟ್, ಮ್ಯಾಟ್, ಮುಂದಿನ ವಾರ ಪೆನ್, ಹೆನ್, ಟೆನ್. ಕನ್ನಡದಲ್ಲಿ ‘ಕ’ ಅಂದ್ರೆ ಒಳಗೇ ‘ಅ’ ಇರುತ್ತೆ, ಅದಕ್ಕೇ ಈ ಮಕ್ಕಳು ಇಂಗ್ಲಿಷ್ ಪದದಲ್ಲಿ ಸ್ವರಾಕ್ಷರ ಬಿಟ್ಟು ಬರೀತಾರೆ. ಕ್ಯಾಟ್ ಬರೆಯೋವಾಗ ನಡುವಿನ ಎ ಬಿಟ್ಟಿದ್ದಾರಾ ನೋಡಿ. ನಡುವಿನ ಅಕ್ಷರ ಕೆಂಪು ಪೆನ್ಸಿಲಿನಲ್ಲಿ ಬರೆಸಿದ್ರೆ ಬೇಗ ಹಿಡಿತಾರೆ.

ಬಿ-ಡಿ ಎರಡನ್ನ ಒಂದೇ ದಿನ ಕಲಿಸಬೇಡಿ. ಬಿ ಮಾತ್ರ ಎರಡು ವಾರ, ಅದು ಗಟ್ಟಿಯಾದ ಮೇಲೆ ಡಿ. ಬಿ ಬರೆಯೋವಾಗ ಮೊದಲು ಉದ್ದ ಗೆರೆ, ಆಮೇಲೆ ಹೊಟ್ಟೆ. ಡಿ ಬರೆಯೋವಾಗ ಮೊದಲು ಹೊಟ್ಟೆ, ಆಮೇಲೆ ಗೆರೆ. ಕೈಯ ಚಲನೆ ಬೇರೆ ಆದ್ರೆ ಗೊಂದಲ ಹೋಗುತ್ತೆ. ನಾಲ್ಕು ಗೆರೆ ನೋಟ್‌ಬುಕ್ ಒಂಬತ್ತನೇ ಕ್ಲಾಸಿನವರಿಗೆ ಕೊಡೋಕೆ ನಾಚಿಕೆ ಬೇಡ, ಆದ್ರೆ ಹೊದಿಕೆ ಉಳಿದವರ ಥರಾನೇ ಇರಲಿ.

ತಾಂಡಾ ಮಕ್ಕಳ ಪ್ರಶ್ನೆ ನಮ್ಮ ಕಡೆಯೂ ಇದೆ, ಇಲ್ಲಿ ಮರಾಠಿ, ಉರ್ದು ಸೇರಿರುತ್ತೆ. ಉರ್ದು ಮಾಧ್ಯಮದಿಂದ ಬಂದ ಮಕ್ಕಳು ಬಲದಿಂದ ಎಡಕ್ಕೆ ಬರೆದು ರೂಢಿ ಆದವರು, ನೋಟ್‌ಬುಕ್ಕೇ ಹಿಂದಿನಿಂದ ತೆಗೀತಾರೆ. ಮೊದಲ ತಿಂಗಳು ಪುಟದ ಎಡ ಮೂಲೆಯಲ್ಲಿ ಒಂದು ಚುಕ್ಕಿ ಹಾಕಿ ಕೊಟ್ಟರೆ ಸಾಕು. ವಾಕ್ಯದ ಕ್ರಮದ ವಿಷಯದಲ್ಲಿ ಭಾಷೆ ಯಾವುದಾದ್ರೂ ತೊಂದರೆ ಒಂದೇ. ಕನ್ನಡ, ಮರಾಠಿ, ಉರ್ದು, ಲಂಬಾಣಿ, ನಾಲ್ಕರಲ್ಲೂ ಕ್ರಿಯಾಪದ ಕೊನೆಗೇ. ಹಾಗಾಗಿ ಐದು ಮನೆ ಎಲ್ಲರಿಗೂ ನಡೆಯುತ್ತೆ, ಮನೆಯ ಹೆಸರಿನ ಪಕ್ಕ ಒಂದು ಸಣ್ಣ ಚಿತ್ರ ಹಾಕಿಬಿಡಿ. ಮೊದಲಿನ 6 ನಿಮಿಷದ ಮಾತು ಅವರವರ ಗುಂಪಿನಲ್ಲಿ ಅವರವರ ಭಾಷೆಯಲ್ಲೇ ಆಗಲಿ, ನಿಮಗೆ ಅರ್ಥ ಆಗದಿದ್ರೂ ಅಡ್ಡಿಯಿಲ್ಲ.

ಫೋನ್ ಬಗ್ಗೆ: ಬೈಯೋದ್ರಿಂದ ಕದ್ದು ಮಾಡ್ತಾರೆ. ಪ್ಯಾರಾ ಮನೆಗೆ ಕೊಡಬೇಡಿ, ಶಾಲೆಯಲ್ಲೇ ಬರೆಸಿ. ಮನೆಗೆ ಪದ ಹುಡುಕೋ ಕೆಲಸ ಕೊಡಿ, ಫೋನಿನಲ್ಲಿ ಐದು ಪದ ನೋಡ್ಕೊಂಡು ಬಾ ಅಂತ. ವಾಕ್ಯ ಫೋನಿನದ್ದೋ ಮಗುವಿನದ್ದೋ ಗೊತ್ತಾಗಬೇಕಾದ್ರೆ ಬಾಯಿಲೆ ಓದಿಸಿ. ತನ್ನದಲ್ಲದ ವಾಕ್ಯ ಓದೋವಾಗ ತಡವರಿಸ್ತಾರೆ.

ಬೀದರ್ ಕೋಟೆ

ಕೆಳಗಿನ 11 ಮಂದಿಯ ಮಾತು ಬಂತು, ಮೇಲಿನ ಏಳೆಂಟು ಮಂದಿಯನ್ನು ಮರೆಯಬೇಡಿ. ಅವರು ಆರು ವಾಕ್ಯ ಐದು ನಿಮಿಷದಲ್ಲಿ ಮುಗಿಸಿ ಗಲಾಟೆ ಶುರು ಮಾಡುತ್ತಾರೆ. ಅವರಿಗೆ ಎರಡು ಕೆಲಸ.

ಮೊದಲನೆಯದು ವಾಕ್ಯ ಜೋಡಿಸುವುದು. ‘ವಿ ವೆಂಟ್ ಟು ದ ಫೀಲ್ಡ್. ವಿ ಥ್ರೂ ಚರಗ. ವಿ ಏಟ್.’ ಇದನ್ನು ‘ಆಫ್ಟರ್’, ‘ಬಿಕಾಸ್’, ‘ಹೂ’ ಹಾಕಿ ಎರಡು ವಾಕ್ಯ ಮಾಡು. ‘ಅಂಡ್’ ಒಂದೇ ಸಲ ಬಳಸಬೇಕು ಅಂತ ಕಟ್ಟಳೆ, ಇಲ್ಲದಿದ್ದರೆ ಇಡೀ ಪ್ಯಾರಾ ಅಂಡ್, ಅಂಡ್, ಅಂಡ್. ‘ಹೂ’ ಕಷ್ಟ ಆಗುತ್ತದೆ, ಯಾಕೆಂದರೆ ನಾವು ‘ಬಂದ ಹುಡುಗ’ ಅನ್ನುತ್ತೇವೆ, ವಿವರ ಮುಂದೆ. ಅವರದ್ದು ‘ದ ಬಾಯ್ ಹೂ ಕೇಮ್’, ವಿವರ ಹಿಂದೆ.

ಎರಡನೆಯದು ಒಂದು ವಸ್ತು ತಯಾರಾಗುವ ಕ್ರಮ. ಬಿದರಿ ಕೆಲಸ ತೆಗೆದುಕೊಳ್ಳಿ, ನಮ್ಮ ಮೂರೂ ಜಿಲ್ಲೆಯವರಿಗೆ ಹೆಸರಾದರೂ ಗೊತ್ತು. ಸತು ಮತ್ತು ತಾಮ್ರ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ, ಉಜ್ಜಿ ನುಣುಪು ಮಾಡುತ್ತಾರೆ, ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತಾರೆ, ಅದರ ಮೇಲೆ ಚಿತ್ತಾರ ಕೊರೆಯುತ್ತಾರೆ, ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ, ಮತ್ತೆ ಉಜ್ಜುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ಅಮೋನಿಯಂ ಕ್ಲೋರೈಡ್ ಕಲಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಇಂಗ್ಲಿಷ್‌ನಲ್ಲಿ ಇದೇ ಜಾಗದಲ್ಲಿ ಕರ್ಮಣಿ ಪ್ರಯೋಗ ಸಹಜವಾಗಿ ಬರುತ್ತದೆ: ‘ಝಿಂಕ್ ಅಂಡ್ ಕಾಪರ್ ಆರ್ ಮೆಲ್ಟೆಡ್. ಸಿಲ್ವರ್ ವೈರ್ ಈಸ್ ಹ್ಯಾಮರ್ಡ್ ಇನ್.’ ಮಾಡುವವರು ಯಾರು ಅನ್ನುವುದು ಇಲ್ಲಿ ಮುಖ್ಯವಲ್ಲ. ಕನ್ನಡದಲ್ಲಿ ನಾವು ‘ಕರಗಿಸಲ್ಪಡುತ್ತದೆ’ ಅಂತ ಮಾತಾಡುವುದಿಲ್ಲ, ಹಾಗಾಗಿ ‘ಆಕ್ಟಿವ್ ಬದಲಿಸಿ ಪ್ಯಾಸಿವ್ ಮಾಡು’ ಅಂತ ಬಿಡಿ ವಾಕ್ಯ ಕೊಟ್ಟರೆ ಮಕ್ಕಳಿಗೆ ಅದು ಬರೀ ಲೆಕ್ಕ. ಹಂತಗಳಿರುವ ಕೆಲಸ ಕೊಟ್ಟರೆ ಅದು ಯಾಕೆ ಬೇಕು ಅಂತ ಗೊತ್ತಾಗುತ್ತದೆ.

ಆಳಂದ ಮಾಸ್ತರರು ಬಾಯಿಲೆ ಮೊದಲು ಅಂದದ್ದಕ್ಕೆ ಒಂದು ಸೇರಿಸುತ್ತೇನೆ. ಎನ್.ಎಸ್. ಪ್ರಭು ಅವರು 1979ರಲ್ಲಿ ಶುರು ಮಾಡಿದ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಇಂಗ್ಲಿಷ್ ಕಲಿಸುವ ಪ್ರಯೋಗದ ಪದ್ಧತಿಯೂ ಹತ್ತಿರದ್ದೇ: ಇಡೀ ಕ್ಲಾಸಿನ ಜೊತೆ ಒಂದು ಕೆಲಸ ಬಾಯಿಲೆ ಮಾಡಿ ಮುಗಿಸುವುದು, ಆಮೇಲೆ ಅದೇ ಬಗೆಯ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಮಾಡುವುದು. ವೇಳಾಪಟ್ಟಿ, ನಕ್ಷೆಯಂಥವು ಅದರಲ್ಲಿ ಬರುತ್ತಿದ್ದವು. ಕಲಬುರಗಿ ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಬೋರ್ಡ್ ಮೇಲೆ ಬರೆದು ‘ಹತ್ತು ಗಂಟೆಗೆ ಯಾದಗಿರಿಯಲ್ಲಿ ಇರಬೇಕಾದವನು ಯಾವ ಬಸ್ ಹಿಡಿಯಬೇಕು, ಯಾಕೆ’ ಅಂತ ಕೇಳಿ, ಉತ್ತರ ಎರಡು ವಾಕ್ಯ. ಮೇಲಿನ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ.

ಶಹಾಪುರ ಟೀಚರ್

ಮಾಸ್ತರ್, ಭೂತಕಾಲಕ್ಕೆ ಮೊದಲು ಯಾವ ಕ್ರಿಯಾಪದ ಕೊಡಬೇಕು? ಪುಸ್ತಕದ ಹಿಂದಿನ ಪಟ್ಟಿ ಭಾಳ ಉದ್ದ ಇದೆ.

ಆಳಂದ ಮಾಸ್ತರ

ಪುಸ್ತಕದ ಪಟ್ಟಿ ಎ ಅಕ್ಷರದಿಂದ ಶುರು ಆಗ್ತದ ಮೇಡಂ, ಅದಕ್ಕ ‘ಅರೋಸ್’, ‘ಅವೋಕ್’ ಮೊದಲ ಬರ್ತಾವ. ಮಕ್ಕಳಿಗಿ ಅವು ಎಲ್ಲಿ ಬೇಕಾಗ್ತಾವ? ಈ ಇಪ್ಪತ್ತು ಸಾಕು, ವಾರಕ್ಕ ಐದರಂಗ ನಾಲ್ಕು ವಾರ:

ಮೊದಲ ವಾರ ವೆಂಟ್, ಕೇಮ್, ಸಾ, ಏಟ್, ಬಾಟ್.
ಎರಡನೇ ವಾರ ವಾಸ್, ವರ್, ಹ್ಯಾಡ್, ಗೇವ್, ಟುಕ್.
ಮೂರನೇ ವಾರ ಸೆಡ್, ಟೋಲ್ಡ್, ಮೇಡ್, ಸ್ಯಾಟ್, ಸ್ಲೆಪ್ಟ್.
ನಾಲ್ಕನೇ ವಾರ ರ್‍ಯಾನ್, ಫೆಲ್, ಗಾಟ್, ಡ್ರ್ಯಾಂಕ್, ಥ್ರೂ.

‘ಇಡಿ’ ಹಚ್ಚೋ ಪದ, ಅಂದ್ರ ವಾಕ್ಡ್, ಕುಕ್ಡ್, ಪ್ಲೇಡ್, ಐದನೇ ವಾರ ತರ್ರಿ. ಅವನ್ನ ಮೊದಲೇ ತಂದ್ರ ಎಲ್ಲಾದಕ್ಕೂ ‘ಇಡಿ’ ಹಚ್ಚಿ ‘ಗೋಡ್’, ‘ಈಟಡ್’ ಅಂತಾರ. ಇನ್ನ ‘ಡಿಡ್ ನಾಟ್ ವೆಂಟ್’ ಬರೇಬರ್ತದ, ಹೆದರಬ್ಯಾಡ್ರಿ. ಇಲ್ಲ ಅನ್ನೋ ವಾಕ್ಯ ಮತ್ತ ಪ್ರಶ್ನಿ ಮೊದಲ ಆರು ವಾರ ಬರೆಸಲೇಬ್ಯಾಡ್ರಿ. ಏಳನೇ ವಾರ ‘ಡಿಡ್ ಬಂದ್ರ ಗೋ, ಡಿಡ್ ಇಲ್ಲಂದ್ರ ವೆಂಟ್’ ಅಂತ ಒಂದೇ ಸಾಲು ಗ್ವಾಡಿ ಮ್ಯಾಲ ಹಚ್ಚಿಬಿಡ್ರಿ.